ಮಹಡಿಯಿಂದ ಕೆರೆಯವರೆಗೆ

ನನ್ನ ತಲೆಯ ಮೇಲೆ ಈಗ ಒಂದು ಮಗು ಓಡಾಡುತ್ತದೆ. ಬೆಳಗ್ಗೆ ಎದ್ದದ್ದೇ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಧಡಧಡನೆ ಓಡುತ್ತದೆ. ಅದರ ತಾಯಿ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ, "ತುಂಬಾ ಸದ್ದಾಗುತ್ತೆ ಅಲ್ವಾ ಸಾರ್, ಬೇಜಾರು ಮಾಡ್ಕೋಬೇಡಿ" ಅನ್ನುತ್ತಾರೆ. ಬೇಜಾರೇನೂ ಇಲ್ಲ. ಅವರು ಬರುವ ಮುಂಚೆ ಮಹಡಿ ಒಂದು ಮಳೆಗಾಲವಿಡೀ ಖಾಲಿಯಿತ್ತು. ಆ ನಿಶ್ಶಬ್ದಕ್ಕಿಂತ ಇದು ಎಷ್ಟೋ ವಾಸಿ.

ಖಾಲಿಯಾಗುವ ಮುಂಚೆ ಅಲ್ಲಿ ಮೇಷ್ಟ್ರಿದ್ದರು. ಅವರ ಸದ್ದು ಬೇರೆಯೇ ತರಹ. ಎರಡು ಊರುಗೋಲು ಒಟ್ಟಿಗೆ ನೆಲಕ್ಕೆ ತಾಗಿದ ಟಕ್ಕೆಂಬ ಶಬ್ದ, ಅದರ ಬೆನ್ನಿಗೇ ಒಂದೇ ಪಾದದ ಮೆತ್ತನೆಯ ಹೆಜ್ಜೆ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಮಧ್ಯಾಹ್ನ ಹೋಗಿ ರಾತ್ರಿ ಬರುವ ಕೆಲಸ. ಬೆಳಗಿನ ಹೊತ್ತೆಲ್ಲ ಮನೆಯಲ್ಲಿ ಒಬ್ಬನೇ. ರಾಮಕೃಷ್ಣನಗರದ ಈ ಕೆಳಮನೆಗೆ ಬಂದ ಹೊಸದರಲ್ಲಿ, ಮೇಲಿನಿಂದ ಆ ಸದ್ದು ಕೇಳಿದ ಮೇಲೆಯೇ ನನಗೂ ಎದ್ದು ಕಾಫಿ ಮಾಡಿಕೊಳ್ಳುವ ಮನಸ್ಸಾಗುತ್ತಿತ್ತು. ಇನ್ನೊಬ್ಬರು ಎದ್ದಿದ್ದಾರೆ ಎಂಬುದಷ್ಟೇ ಸಾಕಾಗುತ್ತಿತ್ತು.

ಅವರ ಪರಿಚಯವಾದದ್ದು ಬೈಗುಳದಿಂದ. ಒಂದು ದಿನ ಹಾಲಿನ ಪ್ಯಾಕೆಟ್ಟು ಹಿಡಿದು ಬರುತ್ತಿದ್ದೆ. ಮೇಲಿನ ಬಾಲ್ಕನಿಯಿಂದ ಒಂದು ಧ್ವನಿ ಬಂತು. ಇಡೀ ಬೀದಿಗೆ ಕೇಳುವಂಥ ಧ್ವನಿ.

"ಯಾರ್ರೀ ಅದು, ಕೆಳಗಿನ ಮನೆಯೋರಾ? ಬೆನ್ನು ನೆಟ್ಟಗೆ ಮಾಡ್ಕೊಂಡು ನಡೀರಿ! ಹಾಲಿನ ಪ್ಯಾಕೆಟ್ಟು ಅಷ್ಟೊಂದು ಭಾರನಾ?"

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಐವತ್ತು ದಾಟಿದ ನನ್ನನ್ನು ಯಾರಾದರೂ ಗದರಿಸಿ ಎಷ್ಟೋ ಕಾಲವಾಗಿತ್ತು.

ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು ಅವರು. ಊರಿನವರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಮಠದ ಹಾಸ್ಟೆಲಿನಲ್ಲಿದ್ದು ಓದಿದವರು. ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ ಕೊನೆಯವರೆಗೂ ತಪ್ಪಲಿಲ್ಲ. ನಿವೃತ್ತಿಯಾದ ಸ್ವಲ್ಪ ಕಾಲಕ್ಕೆ ಸಕ್ಕರೆ ಕಾಯಿಲೆ ಅವರ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ಒಯ್ದಿತು. ನಾನು ಬಂದದ್ದು ಅದಾದ ಮೇಲೆ. ಹಾಗಾಗಿ ಅವರು ಎರಡು ಕಾಲಲ್ಲಿ ನಿಂತದ್ದನ್ನು ನಾನು ನೋಡಿಲ್ಲ. ಆದರೆ ಅವರು ಕೂರುವ ರೀತಿ ನೋಡಿದರೇ ನಿಂತಾಗ ಹೇಗಿದ್ದಿರಬಹುದೆಂದು ತಿಳಿಯುತ್ತಿತ್ತು. ಕುರ್ಚಿಯ ಬೆನ್ನಿಗೆ ಅವರ ಬೆನ್ನು ತಾಗುತ್ತಲೇ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಅವರ ಹಳೆಯ ವಿದ್ಯಾರ್ಥಿಗಳಿಬ್ಬರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಹೊತ್ತು ತಂದರಂತೆ. ನಮ್ಮ ಮನೆಯ ಮುಂದಿನ ಮೆಟ್ಟಿಲು ಬಲು ಕಡಿದು, ಬೀದಿಗೆ ತೆರೆದುಕೊಂಡದ್ದು. ಎದುರುಮನೆಯವರು, ಹೂವಿನವಳು, ಎಲ್ಲರೂ ನಿಂತು ನೋಡಿದರಂತೆ. "ಉತ್ಸವ ಮೂರ್ತಿ ಥರ ಹೊತ್ಕೊಂಡು ಬಂದ್ರು ಕಣ್ರೀ. ಅವತ್ತೇ ಹೇಳ್ಬುಟ್ಟೆ, ಇನ್ನೊಂದ್ಸಲ ನನ್ನನ್ನ ಯಾರೂ ಎತ್ತಕೂಡದು ಅಂತ." ಒಮ್ಮೆ ಊರುಗೋಲಿನಲ್ಲಿ ತಾವೇ ಇಳಿಯಲು ಹೋಗಿ ಮೂರನೆಯ ಮೆಟ್ಟಿಲಲ್ಲಿ ಜಾರಿದ್ದರು. ಆಮೇಲೆ ಇಳಿಯಲಿಲ್ಲ. ವೈದ್ಯರೇ ಮನೆಗೆ ಬರುತ್ತಿದ್ದರು. ಹೆದರಿಕೆ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. "ಆ ಮೆಟ್ಟಿಲು ಕಟ್ಟಿದೋನಿಗೆ ಬುದ್ಧಿ ಇಲ್ಲ" ಅನ್ನುತ್ತಿದ್ದರು, ಅಷ್ಟೇ.

ಅವರ ಹೆಂಡತಿ ಒಂದು ಶಾಲೆಯ ಕಚೇರಿಯಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ಚಪಾತಿ, ಪಲ್ಯ, ಮಾತ್ರೆ ಎಲ್ಲ ಮೇಜಿನ ಮೇಲೆ ಜೋಡಿಸಿಟ್ಟು ಹೊರಟರೆ ಬರುವುದು ಸಂಜೆ. ನಡುವಿನ ಹೊತ್ತೆಲ್ಲ ಮೇಷ್ಟ್ರಿಗೆ ಬಾಲ್ಕನಿ. ಬಾಲ್ಕನಿಗೆ ಕಬ್ಬಿಣದ ಗ್ರಿಲ್ಲು. ಗ್ರಿಲ್ಲಿನಾಚೆ ಬೀದಿ, ಎದುರಿನ ಬೇವಿನ ಮರ, ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರು.

ನನಗೆ ಅವರ ಜೊತೆ ಮಾತಿಗೆ ಕೂರುವುದು ಅಭ್ಯಾಸವಾಯಿತು. ನನ್ನ ಮನೆಯಲ್ಲಿ ಕಾಫಿ ಮಾಡಿ ಎರಡು ಲೋಟ ಹಿಡಿದು ಮೇಲೆ ಹೋಗುತ್ತಿದ್ದೆ. ಅವರಿಗೆ ಸಕ್ಕರೆಯಿಲ್ಲದ್ದು. ಆಟದ ಬಯಲಿನ ಕಥೆಗಳಿಗೆ ಅವರಲ್ಲಿ ಕೊನೆಯೇ ಇರಲಿಲ್ಲ. ಒಬ್ಬ ಹುಡುಗನ ಕಥೆಯನ್ನು ಎಷ್ಟು ಸಲ ಹೇಳಿದ್ದರೋ. ರಿಲೇ ಓಟದಲ್ಲಿ ಕೋಲು ಹಿಡಿದು ಓಡಿದವನು ಮುಂದೆ ಕಾಯುತ್ತಿದ್ದವನಿಗೆ ಕೊಡದೆ, ಅವನನ್ನೂ ದಾಟಿ, ಗೇಟನ್ನೂ ದಾಟಿ, ಸೀದಾ ಮನೆಗೇ ಹೋಗಿಬಿಟ್ಟ. ಮಾರನೆಯ ದಿನ ನಿಲ್ಲಿಸಿ ಕೇಳಿದರೆ, "ಕೋಲು ಬೀಳಿಸ್ಬೇಡ ಅಂದ್ರಿ ಸಾರ್, ಬೀಳಿಸ್ಲಿಲ್ಲ. ಮನೇಲಿ ದೇವರ ಗೂಡಲ್ಲಿ ಇಟ್ಟಿದೀನಿ" ಅಂದನಂತೆ. ದೇವರ ಗೂಡಿನ ಮಾತು ಬಂದಾಗ ಮೇಷ್ಟ್ರು ಎರಡೂ ಕೈ ಜೋಡಿಸಿ ತೋರಿಸುತ್ತಿದ್ದರು. ನಾನು ಪ್ರತಿಸಲವೂ ನಗುತ್ತಿದ್ದೆ.

ಆದರೆ ಅವರ ಹೆಚ್ಚಿನ ಮಾತೆಲ್ಲ ಕೊನೆಗೆ ತಲುಪುತ್ತಿದ್ದದ್ದು ಕೆರೆಗೆ. ನಮ್ಮ ಬಡಾವಣೆಯ ಅಂಚಿನಲ್ಲೇ ಲಿಂಗಾಂಬುಧಿ ಕೆರೆ. ಕಾಲು ಹೋಗುವವರೆಗೂ ದಿನಾ ಬೆಳಗ್ಗೆ ಅಲ್ಲಿ ಒಂದು ಗುಂಪಿನ ಜೊತೆ ನಡೆಯುತ್ತಿದ್ದರು. ಬಟ್ಟೆ ಅಂಗಡಿಯ ಶಿವಣ್ಣ, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು, ಇನ್ನೂ ಇಬ್ಬರು ಮೂವರು. ನಡೆದು ಮುಗಿದ ಮೇಲೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಹರಟೆ. ಮೇಷ್ಟ್ರಿಗೆ ಆಪರೇಷನ್ ಆದಾಗ ಅವರೆಲ್ಲ ಗುಂಪಾಗಿ ಬಂದರು. ಆಮೇಲೆ ಇಬ್ಬಿಬ್ಬರಾಗಿ ಬಂದರು. ಆಮೇಲೆ ಶಿವಣ್ಣ ಮಾತ್ರ, ಅದೂ ಹಬ್ಬ ಬಂದಾಗ. ಯಾರನ್ನೂ ದೂರುವ ಹಾಗಿರಲಿಲ್ಲ. ಮೇಷ್ಟ್ರೂ ದೂರುತ್ತಿರಲಿಲ್ಲ. "ಬೆಳಗ್ಗೆ ನಡೆಯೋ ಸ್ನೇಹ ಕಣ್ರೀ ಅದು. ಕೂತಿರೋ ಮನೆಗೆ ಬರೋಕೆ ಅವ್ರಿಗೆ ಹೊತ್ತು ಎಲ್ಲಿರುತ್ತೆ?"

ಡ್ರೋನು ಬಂದದ್ದು ಅವರ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನು ಮದುವೆಗಳ ವಿಡಿಯೋ ತೆಗೆಯುವವನು. ಹೊಸದು ಕೊಂಡ ಮೇಲೆ ಹಳೆಯ ಪುಟ್ಟ ಡ್ರೋನನ್ನು, "ಸುಮ್ನೆ ಬಿದ್ದಿರುತ್ತೆ ಸಾರ್, ನಿಮಗೆ ಹೊತ್ತು ಹೋಗುತ್ತೆ" ಎಂದು ತಂದುಕೊಟ್ಟು ಹಾರಿಸುವುದನ್ನೂ ಕಲಿಸಿ ಹೋದ. ಮಡಚಿದರೆ ಅಂಗೈಯಗಲ, ಬಿಚ್ಚಿದರೆ ನಾಲ್ಕು ರೆಕ್ಕೆ. ರಿಮೋಟಿಗೆ ಫೋನನ್ನು ಸಿಕ್ಕಿಸಿದರೆ ಅದು ಕಂಡದ್ದೆಲ್ಲ ಫೋನಿನಲ್ಲಿ ಕಾಣುತ್ತಿತ್ತು.

ಅದನ್ನು ಕೆಳಗೆ ಗೇಟಿನ ಪಕ್ಕದ ಸಂಪಿನ ಮುಚ್ಚಳದ ಮೇಲೆ ಇಡುವುದು ನನ್ನ ಕೆಲಸವಾಯಿತು. ಮೇಷ್ಟ್ರು ಬಾಲ್ಕನಿಯಲ್ಲಿ ಕೂತು "ರೆಡಿ?" ಎಂದು ಕೂಗುತ್ತಿದ್ದರು. ಅದು ಜೇನುಹುಳದಂತೆ ಗುಂಯ್‌ಗುಡುತ್ತ ಏಳುತ್ತಿತ್ತು. ಬೇವಿನ ಮರವನ್ನು ದಾಟಿ, ಮನೆಗಳ ಟ್ಯಾಂಕುಗಳನ್ನು ದಾಟಿ ಕೆರೆಯ ದಿಕ್ಕಿಗೆ ತಿರುಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗುತ್ತಿದ್ದಂತೆ ಫೋನಿನ ಚಿತ್ರ ಚೂರುಚೂರಾಗಿ ನಿಂತುಬಿಡುತ್ತಿತ್ತು. ಸಿಗ್ನಲ್ ಕಡಿಮೆ ಎಂದು ಕೆಂಪು ಅಕ್ಷರ. ಸಿಗ್ನಲ್ ಪೂರ್ತಿ ಹೋದರೆ ತಾನಾಗಿಯೇ ಮನೆಗೆ ಮರಳುವ ಹಾಗೆ ಅದನ್ನು ಮಾಡಿದ್ದಾರೆ. ತಿರುಗಿ ಬಂದು ಸಂಪಿನ ಮುಚ್ಚಳದ ಮೇಲೆ ಕೂರುತ್ತಿತ್ತು.

"ಡಬ್ಬಿ ಮೇಲೆ ನೋಡಿದ್ರೆ ಕಿಲೋಮೀಟರುಗಟ್ಲೆ ಹೋಗುತ್ತೆ ಅಂತ ಬರ್ದವ್ರೆ. ಇದು ನೋಡಿದ್ರೆ ಬೀದಿ ದಾಟಲ್ಲ. ನನ್ನ ಥರಾನೇ ಆಯ್ತಲ್ರೀ!" ಎಂದು ಮೇಷ್ಟ್ರು ಜೋರಾಗಿ ನಕ್ಕರು. ಎರಡನೆಯ ದಿನ ಕಡಿಮೆ ನಕ್ಕರು. ಮೂರನೆಯ ದಿನ ನಗಲಿಲ್ಲ. "ಕೆರೆ ತನಕ ಹೋಗ್ಬೇಕು ಕಣ್ರೀ ಇದು. ಒಂದ್ಸಲ ಹೋದ್ರೆ ಸಾಕು" ಅಂದರು. ಆಟ ಎಂದು ಶುರುವಾದದ್ದು ಆಟವಾಗಿ ಉಳಿದಿಲ್ಲ ಎಂದು ನನಗೆ ಆಗ ತಿಳಿಯಿತು.

ಮುಂದಿನ ಕೆಲವು ವಾರ ನಮ್ಮಿಬ್ಬರಿಗೆ ಅದೇ ಧ್ಯಾನ. ನಾನು ಫೋನಿನಲ್ಲಿ ಓದಿ ತಿಳಿದುಕೊಂಡು ಹೇಳುವುದು, ಅವರು ಮಾಡಿ ನೋಡುವುದು. ಮೊದಲು ವೈಫೈ ಮೇಲೆ ಅನುಮಾನ ಬಂತು. ಡ್ರೋನೂ ವೈಫೈಯೂ ಒಂದೇ ತರಂಗದಲ್ಲಿ ಮಾತಾಡುತ್ತವಂತೆ. ಸುತ್ತ ಹತ್ತು ಮನೆಯ ವೈಫೈ ಇದ್ದರೆ ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ನಮ್ಮಿಬ್ಬರ ಮನೆಯ ವೈಫೈ ಆರಿಸಿದೆವು. ಪಕ್ಕದ ಮನೆಯಾಕೆಯನ್ನು ಮೇಷ್ಟ್ರು ಬಾಲ್ಕನಿಯಿಂದಲೇ ಕೇಳಿದರು: "ಏನಮ್ಮಾ, ಒಂದು ಕಾಲು ಗಂಟೆ ನಿಮ್ ವೈಫೈ ಆಫ್ ಮಾಡ್ತೀಯಾ?"

"ಯಾಕೆ ಮೇಷ್ಟ್ರೇ, ತಲೆನೋವು ಬರುತ್ತಾ ಅದ್ರಿಂದ?"

"ಊಂ, ನನಗಲ್ಲ, ನನ್ ಹಕ್ಕಿಗೆ."

ಸೆಟ್ಟಿಂಗಿನಲ್ಲಿ ಚಾನೆಲ್ಲನ್ನೂ ಬದಲಾಯಿಸಿದೆವು. ಡ್ರೋನು ಟ್ರಾನ್ಸ್‌ಫಾರ್ಮರನ್ನು ದಾಟಿ ಮುಂದಿನ ತಿರುವಿನ ತನಕ ಹೋಗಿ ಅಲ್ಲಿಂದ ಮರಳಿತು. ಅಷ್ಟಕ್ಕೇ ಮೇಷ್ಟ್ರು ನನ್ನ ಬೆನ್ನು ತಟ್ಟಿದ ರೀತಿಗೆ ಕಾಫಿ ಚೆಲ್ಲಿತು.

ಆಮೇಲೆ ಆಂಟೆನಾ. ರಿಮೋಟಿಗೆ ಎರಡು ಚಪ್ಪಟೆ ಕಡ್ಡಿಗಳು. ಮೇಷ್ಟ್ರು ಅವುಗಳ ತುದಿಯನ್ನು ಬಂದೂಕಿನಂತೆ ನೇರ ಡ್ರೋನಿನತ್ತ ಗುರಿಯಿಟ್ಟು ಹಿಡಿಯುತ್ತಿದ್ದರು. ಅದೇ ತಪ್ಪಂತೆ. ತುದಿಯಿಂದ ಸಿಗ್ನಲ್ ಹೊರಡುವುದು ತೀರಾ ಕಡಿಮೆ. ಚಪ್ಪಟೆ ಮೈ ಡ್ರೋನಿಗೆ ಎದುರಾಗಿರಬೇಕು. ನಾನು ಇದನ್ನು ಓದಿ ಹೇಳಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಆ ಕಡ್ಡಿಗಳನ್ನೇ ನೋಡಿದರು.

"ಸರಿ ಕಣ್ರೀ. ಬೆರಳು ತೋರ್ಸಿದ್ರೆ ಹುಡುಗ್ರು ದೂರ ಓಡ್ತಾರೆ. ಅಂಗೈ ತೋರ್ಸಿ ಕರೀಬೇಕು. ನನಗೆ ಗೊತ್ತಿರೋ ವಿಷ್ಯಾನೇ."

ಅಂಗೈ ತೋರಿಸಿದ ಮೇಲೆ ಅದು ಇನ್ನೂ ಎರಡು ಬೀದಿ ಮುಂದೆ ಹೋಯಿತು. ಆದರೆ ಕೆರೆಯ ಏರಿ ಕಾಣುವ ಮುನ್ನವೇ ಚಿತ್ರ ಒಡೆಯಿತು. ವಿದ್ಯಾರ್ಥಿಯನ್ನು ಕರೆಸಿದರು. ಅವನು ಡ್ರೋನನ್ನು ಒಯ್ದು, ಬಿಚ್ಚಿ, ತಂತಿಗಳನ್ನೆಲ್ಲ ನೋಡಿ, ಬಯಲಿನಲ್ಲಿ ಹಾರಿಸಿ, ಮಾರನೆಯ ದಿನ ತಂದುಕೊಟ್ಟ.

"ಡ್ರೋನಲ್ಲಿ ಏನೂ ತೊಂದ್ರೆ ಇಲ್ಲ ಸಾರ್. ನನ್ ಹತ್ರ ಎಷ್ಟು ದೂರ ಬೇಕಾದ್ರೂ ಹೋಗುತ್ತೆ. ನೀವು ಕೂತಿರೋ ಜಾಗದಲ್ಲೇ ತೊಂದ್ರೆ. ಮುಂದೆ ಕಬ್ಬಿಣದ ಗ್ರಿಲ್ಲು, ಮೇಲೆ ಸಜ್ಜ, ಪಕ್ಕದ ಮನೆ ಸ್ಟೀಲ್ ಟ್ಯಾಂಕು. ಓಪನ್ ಜಾಗದಲ್ಲಿ ಕೂತು ಹಾರ್ಸಿ, ಸರಿಹೋಗುತ್ತೆ."

"ಓಪನ್ ಜಾಗ ಎಲ್ಲಿಂದ ತರ್ಲೋ?" ಅಂದರು ಮೇಷ್ಟ್ರು. ಅವನು ತಲೆತಗ್ಗಿಸಿದ. ಅವನು ಹೋದ ಮೇಲೆ, ಮೊದಲ ಬಾರಿ ಮೇಷ್ಟ್ರ ಬೆನ್ನು ಕುರ್ಚಿಗೆ ಒರಗಿದ್ದನ್ನು ನೋಡಿದೆ.

ತಾರಸಿ ಇತ್ತು. ಅವರ ಅಡುಗೆಮನೆಯ ಹಿಂಭಾಗದಿಂದ ತಾರಸಿಗೆ ಹೋಗುವ ಮೆಟ್ಟಿಲು. ಇಕ್ಕಟ್ಟಾದದ್ದು, ಆದರೆ ಗೋಡೆಗಳ ನಡುವಿನದು, ಬೀದಿಗೆ ಕಾಣದು. ನಾನಾಗಿ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಎತ್ತುವ ಪ್ರಸ್ತಾಪದಂತೆ ಕೇಳಿಸುತ್ತಿತ್ತು. ಕೆಲವು ದಿನ ಕಳೆದು, ಹೆಂಡತಿ ಕೆಲಸಕ್ಕೆ ಹೊರಟ ಮೇಲೆ, ಅವರೇ ನೆಲಕ್ಕೆ ಊರುಗೋಲು ಕುಟ್ಟಿ ನನ್ನನ್ನು ಕರೆದರು. ಮೇಲೆ ಹೋಗಿ ನೋಡಿದರೆ ತಾರಸಿಯ ಮೆಟ್ಟಿಲ ಬುಡದಲ್ಲಿ ನೆಲದ ಮೇಲೆ ಕೂತಿದ್ದರು. ಪಂಚೆ ಬಿಚ್ಚಿಟ್ಟು, ಆಟದ ಮೇಷ್ಟ್ರಾಗಿದ್ದಾಗಿನ ಹಳೆಯ ನೀಲಿ ಪ್ಯಾಂಟು ಹಾಕಿದ್ದರು. ಎಡಗಾಲಿನ ಕಡೆಯದನ್ನು ಮಡಚಿ ಪಿನ್ನು ಹಾಕಿತ್ತು.

"ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತ್ಕೊಂಡು, ಕೈ ಊರಿ, ಒಂದೊಂದೇ ಹತ್ತೋದು. ಮಕ್ಳು ಹತ್ತಲ್ವಾ, ಹಂಗೆ. ನೀವು ಮುಟ್ಬೇಡಿ. ಬಿದ್ರೆ ಮಾತ್ರ ಹಿಡ್ಕೊಳ್ಳಿ. ಅವಳಿಗೆ ಹೇಳ್ಬೇಡಿ."

ನಾನು ಊರುಗೋಲುಗಳನ್ನು ಹಿಡಿದು ಕೆಳಗಿನ ಮೆಟ್ಟಿಲಲ್ಲಿ ನಿಂತೆ. ಅವರು ಎರಡೂ ಅಂಗೈಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒತ್ತಿ, ಮೈಯನ್ನು ಎತ್ತಿ ಕೂರುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಮೂಗಿನಿಂದ ದೀರ್ಘ ಉಸಿರು. ಬೆವರು ಹಣೆಯ ವಿಭೂತಿಯನ್ನು ಕರಗಿಸಿಕೊಂಡು ಇಳಿಯಿತು. ನಡುವೆ ಒಂದು ಕಡೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. "ಇಳಿದುಬಿಡೋಣವಾ?" ಎಂದೆ. "ಮೂಗಲ್ಲಿ ಉಸಿರು ತಗೊಳ್ರೀ, ನೀವ್ಯಾಕೆ ಬಾಯಲ್ಲಿ ತಗೋತಿದೀರಾ?" ಅಂದರು.

ತಾರಸಿಯ ಬಾಗಿಲು ತೆರೆದಾಗ ಬಿಸಿಲು ಅವರ ಮುಖಕ್ಕೆ ಹೊಡೆಯಿತು. ಊರುಗೋಲು ಕೊಟ್ಟೆ. ಎದ್ದು ನಿಂತು ನಿಧಾನಕ್ಕೆ ಸುತ್ತ ತಿರುಗಿದರು. ಪೂರ್ವಕ್ಕೆ ಚಾಮುಂಡಿ ಬೆಟ್ಟ. ದಕ್ಷಿಣಕ್ಕೆ ಶ್ರೀರಾಂಪುರದ ಹೊಸ ಮನೆಗಳ ಬಣ್ಣ. ತೆಂಗಿನ ಗರಿಗಳ ನಡುವೆ ಕೆರೆಯ ಒಂದು ಬೆಳ್ಳಿ ತುಣುಕು.

"ಇಷ್ಟು ಹತ್ರ ಇದೆ" ಅಂದರು.

ಡ್ರೋನು ಕಣ್ಣಳತೆಯಲ್ಲಿ ಇರಬೇಕು ಎಂದು ನಿಯಮವಿದೆಯಂತೆ. ನಿಯಮದ ವಿಷಯದಲ್ಲಿ ಮೇಷ್ಟ್ರು ಬಿಗಿ. "ನೀವು ಕೆರೆ ಹತ್ರ ಹೋಗಿ ನಿಂತ್ಕೊಳ್ಳಿ. ಅಲ್ಲಿಗೆ ನೀವೇ ನನ್ ಕಣ್ಣು. ಫೋನು ಕಿವಿಗಿಟ್ಕೊಂಡಿರಿ" ಎಂದು ನನ್ನನ್ನು ಮರುದಿನ ಮುಂಜಾನೆ ಕಳಿಸಿದರು. ಹೆಂಡತಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ಅಂಗೈ ತರಚಿದ್ದನ್ನು ನೋಡಿ ಕೇಳಿದರಂತೆ, ಇವರು ಹೇಳಿದರಂತೆ. ಆಕೆ ಬೈಯಲಿಲ್ಲ, ತಾರಸಿಗೊಂದು ಕುರ್ಚಿ, ಒಂದು ಕೊಡೆ ಇರಿಸಿದರು.

ನಾನು ಹೊಂಗೆ ಮರದಿಂದ ಸ್ವಲ್ಪ ದೂರದಲ್ಲಿ ನಿಂತೆ. ಬೆಂಚಿನ ಮೇಲೆ ಆ ಗುಂಪು ಆಗಲೇ ಕೂತಿತ್ತು. ಶಿವಣ್ಣನನ್ನು ಮಾತ್ರ ನಾನು ಗುರುತಿಸಬಲ್ಲೆ, ಆತ ನನ್ನನ್ನು ಗಮನಿಸಲಿಲ್ಲ. ಹಿಂದಿನಿಂದ ಗುಂಯ್ ಸದ್ದು ಬಂತು. ತೆಂಗಿನ ಮರಗಳ ಮೇಲಿಂದ ಅದು ತೇಲಿ ಬಂದು ಏರಿಯ ಮೇಲೆ ನಿಂತಿತು.

"ಬಂತು ಮೇಷ್ಟ್ರೇ, ಕಾಣ್ತಿದೆ" ಎಂದೆ ಫೋನಿನಲ್ಲಿ.

"ನನಗೂ ಕಾಣ್ತಿದೆ ಕಣ್ರೀ. ಎಲ್ಲಾ ಕಾಣ್ತಿದೆ. ನೀರು ಎಷ್ಟು ತುಂಬಿದೆ! ಆ ಹೊಂಗೆ ಮರ... ಬೆಂಚು... ನನ್ ಜಾಗದಲ್ಲಿ ಯಾರ್ರೀ ಅದು, ಕೆಂಪು ಟೋಪಿ?"

"ಗೊತ್ತಿಲ್ಲ. ಹೊಸಬರಿರಬೇಕು."

"ಸ್ವಲ್ಪ ಹತ್ರ ಹೋಗಿ. ಏನು ಮಾತಾಡ್ತಾರೆ ನೋಡಣ."

ನಾನು ಶೂ ದಾರ ಕಟ್ಟುವವನಂತೆ ಬೆಂಚಿನ ಹಿಂದೆ ಬಗ್ಗಿದೆ. ಶಿವಣ್ಣ ಕಥೆ ಹೇಳುತ್ತಿದ್ದರು. ರಿಲೇ ಓಟದ ಹುಡುಗನ ಕಥೆ. ಫೋನನ್ನು ಆ ಕಡೆಗೆ ಹಿಡಿದೆ. ಬೇಡವೆನ್ನಿಸಿದರೂ ಹಿಡಿದೆ.

"...ಗೇಟು ದಾಟಿ ಸೀದಾ ಮನೆಗೇ ಓಗ್ಬುಟ್ಟ ಕಣ್ರೀ! ಆಮೇಲೆ ಅವರವ್ವ ಅದೇ ಕೋಲು ತಗಂಡು ಅವನಿಗೇ ಬಾರಿಸಿದ್ಲು!"

ಎಲ್ಲರೂ ನಕ್ಕರು. ಕೆಂಪು ಟೋಪಿಯವರು ತೊಡೆ ತಟ್ಟಿಕೊಂಡು ನಕ್ಕರು. ಅಷ್ಟರಲ್ಲಿ ನೀರಿನಂಚಿನ ಬೆಳ್ಳಕ್ಕಿಗಳು ಒಟ್ಟಾಗಿ ಎದ್ದವು. ಶಿವಣ್ಣ ತಲೆಯೆತ್ತಿ ನೋಡಿ, "ಯಾವನ್ಲಾ ಅವ್ನು, ಇಲ್ಲೂ ತಂದ್ಬುಟ್ನಾ ಈ ದರಿದ್ರಾನ!" ಎಂದು ಕೈ ಬೀಸಿ ಗದರಿಸಿದರು. ಡ್ರೋನು ಒಂದು ಕ್ಷಣ ಅಲ್ಲೇ ತೂಗಿತು. ಆಮೇಲೆ ತಿರುಗಿ ಹೋಯಿತು.

ಫೋನಿನಲ್ಲಿ ಮೇಷ್ಟ್ರ ಧ್ವನಿ ಬಂತು. "ಕೊನೆ ಮಾತು ತಪ್ಪು ಹೇಳ್ದ."

"ಹೌದು."

"ಆದ್ರೂ ನಕ್ಕರಲ್ಲ."

ನಾನು ಮನೆಗೆ ಬಂದಾಗ ಅವರು ತಾರಸಿಯ ಕುರ್ಚಿಯಲ್ಲೇ ಇದ್ದರು. ಡ್ರೋನು ಮಡಿಲಲ್ಲಿತ್ತು. "ಸಿಗ್ನಲ್ ಫಸ್ಟ್ ಕ್ಲಾಸ್" ಅಂದರು.

ಮುಂದಿನ ವಾರ ಶಿವಣ್ಣ ಇನ್ನೊಬ್ಬರನ್ನು ಕರೆದುಕೊಂಡು ಮೇಷ್ಟ್ರನ್ನು ನೋಡಲು ಬಂದರು. ಸೀಬೆಹಣ್ಣು ತಂದಿದ್ದರು. ಒಳ್ಳೆಯ ಮನುಷ್ಯ, ಸಂಕೋಚದ ಮನುಷ್ಯ. ಬರದೆ ಬಹಳ ದಿನವಾಯಿತೆಂದು ಬಾಗಿಲಲ್ಲೇ ಕೈಮುಗಿದರು. ಕಾಫಿ ಕುಡಿಯುತ್ತ ಊರಿನ ಸುದ್ದಿಯೆಲ್ಲ ಹೇಳಿ ಕೊನೆಗೆ ಅದಕ್ಕೂ ಬಂದರು.

"ಕೆರೆ ಹತ್ರ ಒಂದು ಡ್ರೋನು ಬರ್ತದೆ ಮೇಷ್ಟ್ರೇ. ಅಕ್ಕಿಗಳೆಲ್ಲ ಎದ್ದು ಓಯ್ತವೆ. ಯಾವನೋ ಪಡ್ಡೆ ಐದ, ಇಂಜಿನಿಯರಿಂಗೋ ಏನೋ ಓದ್ತಿರೋನು ಇರ್ಬೇಕು."

"ಸಿಕ್ಕಿದ್ರೆ ಕಿವಿ ಹಿಂಡಿ" ಅಂದರು ಮೇಷ್ಟ್ರು, ಮುಖ ಅಲುಗಿಸದೆ.

ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು. "ಪಡ್ಡೆ ಅಂದ್ರಲ್ರೀ ನನ್ನ!" ಎಂದು ಮೇಷ್ಟ್ರಿಗೆ ಒಂದು ಬಗೆಯ ಹಿಗ್ಗು. ನಗು ನಿಂತ ಮೇಲೆ, "ಹಕ್ಕಿ ಎದ್ದಿದ್ದು ನಾನೂ ನೋಡ್ದೆ. ಇನ್ನು ಬೇಡ ಬುಡಿ" ಅಂದರು. ಅಂದಿನಿಂದ ಡ್ರೋನು ಕೆರೆಗೆ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಅವರು ತಾರಸಿಗೂ ಹತ್ತಲಿಲ್ಲ. ಮೇಲಿನಿಂದ ಬರುತ್ತಿದ್ದ ಟಕ್ ಸದ್ದೂ ಕಡಿಮೆಯಾಯಿತು. ಕಾಫಿಗೆ ಹೋದರೆ ಕುಡಿಯುತ್ತಿದ್ದರು, ಕಥೆ ಹೇಳುತ್ತಿರಲಿಲ್ಲ. ನನಗೂ ಕೇಳಲು ಧೈರ್ಯವಿರಲಿಲ್ಲ.

ಹೀಗೇ ಕಳೆಯುತ್ತದೆ ಅಂದುಕೊಂಡಿದ್ದೆ. ಒಂದು ಬೆಳಗ್ಗೆ, ಇನ್ನೂ ಬೀದಿಗೆ ಬಿಸಿಲು ಬಂದಿರಲಿಲ್ಲ, ಹಾಲಿಗೆಂದು ಬಾಗಿಲು ತೆರೆದೆ. ಮುಂದಿನ ಮೆಟ್ಟಿಲ ನಡುವೆ ಮೇಷ್ಟ್ರು ಕೂತಿದ್ದರು. ಅದೇ ನೀಲಿ ಪ್ಯಾಂಟು. ಊರುಗೋಲುಗಳನ್ನು ಮುಂಚೆಯೇ ಕೆಳಗೆ ಜಾರಿಸಿದ್ದರು. ಅವು ನನ್ನ ಬಾಗಿಲ ಮುಂದೆ ಬಿದ್ದಿದ್ದವು. ಮೇಲಿನ ಬಾಗಿಲಲ್ಲಿ ಅವರ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಎದುರುಮನೆಯವರು ರಂಗೋಲಿ ಹಾಕುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಹೂವಿನವಳು ಬುಟ್ಟಿ ಹೊತ್ತೇ ನಿಂತಿದ್ದಳು.

"ಎಲ್ಲಿಗೆ ಮೇಷ್ಟ್ರೇ?"

"ಆಟೋ ಕರೀರಿ" ಅಂದರು. ಬೀದಿಯ ಕಡೆ ನೋಡಲಿಲ್ಲ. ಕೈ ಊರಿ ಮುಂದಿನ ಮೆಟ್ಟಿಲಿಗೆ ಇಳಿದರು.

ನಾವು ಹೋದಾಗ ಗುಂಪು ಬೆಂಚಿನಲ್ಲೇ ಇತ್ತು. ಊರುಗೋಲಿನ ಸದ್ದಿಗೆ ಮೊದಲು ತಿರುಗಿದವರು ಶಿವಣ್ಣ. "ಅಯ್ಯೋ! ಮೇಷ್ಟ್ರು ಕಣ್ರೋ!" ಎಂದು ಓಡಿ ಬಂದರು. ಅಂಚೆಯವರು ಅಪ್ಪಿಕೊಂಡರು. ಕೆಂಪು ಟೋಪಿಯವರು ಯಾರೂ ಹೇಳದೆಯೇ ಎದ್ದು ಜಾಗ ಬಿಟ್ಟರು. ಫೋಟೋ ತೆಗೆದರು. ಹೇಗೆ ಬಂದಿರಿ, ಮೆಟ್ಟಿಲು ಹೇಗೆ ಇಳಿದಿರಿ ಎಂದೆಲ್ಲ ಕೇಳಿದರು. ಮೇಷ್ಟ್ರ ಮುಖ ಕೆಂಪೇರಿತ್ತು. ಡ್ರೋನಿನ ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಆಮೇಲೆ ಮಾತು ತನ್ನ ಹಳೆಯ ದಾರಿಗೆ ಬಿತ್ತು. ಯಾರದೋ ಮಗಳ ನಿಶ್ಚಿತಾರ್ಥ, ಎಲ್ಲರೂ ಸೇರಿ ಹೋಗಿಬಂದ ಪ್ರವಾಸ, ಅಲ್ಲಿ ಬಸ್ಸು ಕೆಟ್ಟು ನಿಂತದ್ದು. ಒಬ್ಬರು ಅರ್ಧ ಮಾತು ಹೇಳಿದರೆ ಉಳಿದವರಿಗೆ ಪೂರ್ತಿ ತಿಳಿದು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಅವರ ನಗು ಪ್ರತಿಸಲವೂ ಉಳಿದವರದಕ್ಕಿಂತ ಒಂದು ಗಳಿಗೆ ತಡವಾಗಿ ಬರುತ್ತಿತ್ತು. ಎಲ್ಲರ ಮುಖ ನೋಡಿಕೊಂಡು ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಶಿವಣ್ಣ ಗಡಿಯಾರ ನೋಡಿ ಎದ್ದರು. "ಇನ್ನೊಂದ್ ರೌಂಡ್ ಬಾಕಿ ಅದೆ ಮೇಷ್ಟ್ರೇ. ಡಾಕ್ಟ್ರು ಎರಡು ಆಕ್ಲೇಬೇಕು ಅಂದವ್ರೆ. ಬೇಗ ಬಂದ್ಬುಡ್ತೀವಿ, ಕೂತಿರಿ."

"ಹೋಗ್ಬನ್ನಿ, ಹೋಗ್ಬನ್ನಿ" ಅಂದರು ಮೇಷ್ಟ್ರು. "ಕೈ ಬೀಸಿ ನಡೀರಿ."

ಅವರೆಲ್ಲ ಹೊರಟರು. ಮಾತಿನ ಸದ್ದು ಸ್ವಲ್ಪ ದೂರ ಕೇಳಿಸಿತು, ಆಮೇಲೆ ಬಿದಿರು ಮೆಳೆಯ ತಿರುವಿನಲ್ಲಿ ನಿಂತಿತು. ಬೆಂಚಿನ ಮೇಲೆ ನಾವಿಬ್ಬರೇ. ಬೆಳ್ಳಕ್ಕಿಗಳು ನೀರಿನಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು, ಊರುಗೋಲುಗಳ ಮೇಲೆ ಎರಡೂ ಕೈಯಿಟ್ಟು, ಅವರು ಮರಳಿ ಬರಬೇಕಾದ ಇನ್ನೊಂದು ತಿರುವಿನ ಕಡೆಗೇ ನೋಡುತ್ತಿದ್ದರು. ಏನಾದರೂ ಮಾತಾಡಬೇಕೆಂದು ನಾನು ನೀರಿನ ಬಗ್ಗೆ ಏನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಯಾರು ಯಾರೋ ಆ ತಿರುವಿನಲ್ಲಿ ಬಂದರು, ನಮ್ಮನ್ನು ದಾಟಿ ಹೋದರು. ಪ್ರತಿಸಲವೂ ಮೇಷ್ಟ್ರ ಕುತ್ತಿಗೆ ಸ್ವಲ್ಪ ಮುಂದಕ್ಕೆ ಚಾಚಿ ಹಿಂದೆ ಸರಿಯುತ್ತಿತ್ತು.

ಕೊನೆಗೆ ಗೆಳೆಯರು ಬಂದರು. ಬೆವರಿದ್ದರು, ಏದುಸಿರಲ್ಲಿದ್ದರು, ಮನೆಗೆ ಹೋಗುವ ಅವಸರದಲ್ಲಿದ್ದರು. ದಿನಾ ಬರಬೇಕೆಂದು ಮೇಷ್ಟ್ರ ಕೈಹಿಡಿದು ಹೇಳಿದರು. ಮನಸ್ಸಿನಿಂದಲೇ ಹೇಳಿದರು.

ಮೇಷ್ಟ್ರು ಮತ್ತೆ ಹೋಗಲಿಲ್ಲ. ಬೇಸಗೆ ಕಳೆಯುವ ಮುಂಚೆ, ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ಕೆರೆಯ ಗೆಳೆಯರೆಲ್ಲ ಬಂದಿದ್ದರು. ಕೆಳಗಿಳಿಸುವಾಗ ಆ ಕಡಿದಾದ ಮೆಟ್ಟಿಲಲ್ಲಿ ಶಿವಣ್ಣನೂ ಹೆಗಲು ಕೊಟ್ಟರು. ಹೆಂಡತಿ ಮನೆ ಖಾಲಿ ಮಾಡಿಕೊಂಡು ತಂಗಿಯ ಊರಿಗೆ ಹೋದರು.

ನನಗೆ ಹೆಚ್ಚು ನೆನಪಾಗುವುದು ಕೆರೆಯಿಂದ ಮರಳಿದ ಆ ಬೆಳಗು. ಆಟೋ ಇಳಿದು ಅವರು ಮೆಟ್ಟಿಲಿಗೆ ಬೆನ್ನು ಮಾಡಿ ಕೂತರು. ಕೈ ಊರಿ, ಮೈ ಎತ್ತಿ, ಒಂದೊಂದಾಗಿ ಹತ್ತತೊಡಗಿದರು. ಮುಖ ಬೀದಿಯ ಕಡೆಗೇ ಇತ್ತು; ಈಗ ಯಾರು ನೋಡುತ್ತಾರೆಂಬ ಚಿಂತೆ ಇದ್ದಂತೆ ಕಾಣಲಿಲ್ಲ. ನಾನು ಊರುಗೋಲುಗಳನ್ನು ಹಿಡಿದು ಎರಡು ಮೆಟ್ಟಿಲು ಕೆಳಗೆ ಅವರ ಎದುರಿಗಿದ್ದೆ. ಅರ್ಧಕ್ಕೆ ಬಂದಾಗ ನಿಂತು ಉಸಿರು ತೆಗೆದುಕೊಂಡರು.

"ಎಷ್ಟು ವರ್ಷ ಆ ಕೆರೆ ಸುತ್ತಿದೀನಿ ನಾನು" ಅಂದರು. "ಒಂದು ರೌಂಡಿಗೆ ಇಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಅವರ ಜೊತೇಲೇ ನಡೀತಿದ್ನಲ್ಲ."

ಹಾಗೆಂದು ಮೇಲಿನ ಮೆಟ್ಟಿಲಿಗೆ ಅಂಗೈ ಊರಿದರು.